ಸೂತಕದ ಹಲಗೆಯ ಬಿಳಿ ಅರ್ಧ

ನೆದರ್‌ಕಂಬ್, ಸಾಮರ್‌ಸೆಟ್
11 ಜೂನ್ 1927, ಶನಿವಾರ

ಪ್ರೀತಿಯ ಬೇಸಿಲ್,

ಮೊದಲು ಐರಿಸ್ ಹೇಗಿದ್ದಾಳೆ ಹೇಳು. ಮಾಲ್ಟಾದ ಈ ಬಿಸಿಲಿನಲ್ಲಿ, ದಿನ ತುಂಬಿದ ಹೊಟ್ಟೆ ಹೊತ್ತುಕೊಂಡು ಆ ಬಂದರಿನ ಮೆಟ್ಟಿಲುಗಳನ್ನು ಹತ್ತಿ ಇಳಿಯುತ್ತಿದ್ದರೆ ನನ್ನ ಹೆಸರು ಹೇಳಿ ಗದರಿಸು. ನೀನೂ ಹಡಗಿನ ಊಟ ತಿಂದು ಹೊಟ್ಟೆ ಕೆಡಿಸಿಕೊಳ್ಳಬೇಡ. ನಾನು ಗಟ್ಟಿಯಾಗಿದ್ದೇನೆ. ಮೊಣಕಾಲು ಮಾತ್ರ ಯಥಾಪ್ರಕಾರ ನನ್ನ ಮಾತು ಕೇಳುವುದಿಲ್ಲ. ಡಾರ್ಕಸ್ ದಿನಾ ಸಂಜೆ ಅದಕ್ಕೆ ಎಂಥದೋ ಕುದುರೆ ಎಣ್ಣೆ ತಿಕ್ಕುತ್ತಾಳೆ. ಮೂವತ್ತು ವರ್ಷದಿಂದ ನಮ್ಮ ಮನೆಯಲ್ಲಿ ಕೆಲಸಕ್ಕಿದ್ದಾಳೆ ಅನ್ನುವ ಒಂದೇ ಕಾರಣಕ್ಕೆ ಆ ವಾಸನೆಯನ್ನು ಸಹಿಸಿಕೊಂಡಿದ್ದೇನೆ.

ತಂತಿಯಲ್ಲಿ "ಗೆದ್ದೆವು" ಅಂತ ಒಂದು ಮಾತು ಕಳಿಸಿದ್ದೆನಲ್ಲ, ಅದರ ಹಿಂದಿನ ಕಥೆಯನ್ನು ಈಗ ಸಾವಕಾಶವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಪಡಬೇಡ, ಅದು ಐರಿಸ್‌ಗಾಗಿ. ಅವಳ ಅಪ್ಪ ಡಾಕ್ಟರು. ಸತ್ತವರ ಲಾಂಛನವನ್ನು ಹಲಗೆಗೆ ಬರೆಸಿ ಬಾಗಿಲಿಗೆ ತೂಗುಹಾಕುವಂಥ ಹುಚ್ಚು ಅವರ ಮನೆಯಲ್ಲಿ ಇರಲಿಲ್ಲ, ಪುಣ್ಯವಂತರು. ಅವಳ ಪಕ್ಕದಲ್ಲಿ ಕೂತು ಗಟ್ಟಿಯಾಗಿ ಓದು. ಹಾಗೆ ಓದುವಾಗ ನನ್ನ ಬೈಗುಳಗಳನ್ನು ಹಾರಿಸಿಬಿಡಬೇಡ.

ನಮ್ಮಂಥ ಮನೆತನಗಳ ಹಂಚಿಕೆ ಎಂಥದೆಂದು ಅವಳಿಗೆ ಮೊದಲು ತಿಳಿಯಲಿ. ಹಿರಿಮಗನಿಗೆ ಜಮೀನು, ಎರಡನೆಯವನಿಗೆ ಸೈನ್ಯ, ಮೂರನೆಯವನಿಗೆ ಚರ್ಚು, ಆಮೇಲೆ ಹುಟ್ಟಿದವರಿಗೆ ಸಮುದ್ರ. ಹೆಣ್ಣಿಗೆ ಒಂದು ಮುತ್ತಿನ ಸರ ಮತ್ತು ಯಾರಾದರೊಬ್ಬ ಪಾದ್ರಿ. ನನಗೆ ಎರಡೂ ಸಿಕ್ಕವು. ನಿಮ್ಮಪ್ಪನ ಮೇಲೆ ನನ್ನ ದೂರು ಏನೂ ಇಲ್ಲ, ಅಂಥ ಮನುಷ್ಯ ಇನ್ನೊಬ್ಬ ಹುಟ್ಟಲಿಲ್ಲ. ಆದರೆ ನಾನು ನನ್ನ ಅಪ್ಪನಿಗೆ ಒಬ್ಬಳೇ ಮಗಳು. ಅಪ್ಪ ಸತ್ತ ವಾರದೊಳಗೆ ಅವನ ಮನೆ, ತೋಟ, ಹೆಸರಿನ ಮುಂದಿನ 'ಸರ್' ಎಲ್ಲವೂ ಗಂಡುಮಕ್ಕಳ ದಾರಿ ಹಿಡಿದು ದಾಯಾದಿ ಪೆರಿಗ್ರಿನ್‌ನ ಕೈ ಸೇರಿದವು. ಅವನು ಆಗ ಮೀಸೆ ಚಿಗುರಿದ ಹುಡುಗ, ನನಗಿಂತ ಕಿರಿಯ. ಪರದೆ ಅಳೆಯುವುದಕ್ಕೆ ಟೇಪು ಹಿಡಿದುಕೊಂಡೇ ಬಂದಿದ್ದ. ಅಮ್ಮ ಕೂತು ಹೊಲಿಯುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯನ್ನು ಮಾತ್ರ ಕೊಡು ಎಂದು ಕೇಳಿದೆ. "ಮನೆ ಜೊತೆ ಕುರ್ಚಿನೂ ಬರುತ್ತೆ ಹೆಸ್ಟರ್ ಅಕ್ಕಾ, ಪದ್ಧತಿ ಅಲ್ವಾ, ನಾನೇನ್ ಮಾಡ್ಲಿ" ಅಂದ. ಅಂದು ನಾನು ತೆಪ್ಪಗೆ ಬಂದೆ. ಪದ್ಧತಿಯೇ ಹಾಗಿತ್ತು.

ಈಗ ಹೇಳು, ಗಂಡುಮಕ್ಕಳ ದಾರಿಯಲ್ಲಿ ಮನೆ ಹೊಡೆದ ಅದೇ ಭೂಪ, ಮರ್ಡನ್ ಬ್ಯಾರನ್ ಪಟ್ಟ ಹೊಡೆಯುವುದಕ್ಕೆ ಹೆಣ್ಣುಮಕ್ಕಳ ದಾರಿ ಹಿಡಿದು ಬಂದರೆ ನನಗೆ ಹೇಗಾಗಬೇಡ? ಅದು ಹಳೆಯ ಕಾಲದ ಪಟ್ಟ, ಗಂಡಿಲ್ಲದಿದ್ದರೆ ಹೆಣ್ಣಿಗೂ ಇಳಿದು ಬರುತ್ತದೆ. ಕೊನೆಯ ಮರ್ಡನ್ ಪ್ರಭುವಿಗೆ ಇದ್ದ ಮಗು ಬಾರ್ಬರಾ ಒಬ್ಬಳೇ. ಆಕೆ ಅಪ್ಪನ ಮಾತು ಮೀರಿ ನಮ್ಮ ಮುತ್ತಾತ, ನೌಕಾಪಡೆಯ ಕ್ಯಾಪ್ಟನ್ ಗೈಲ್ಸ್ ಲಿಡಿಯರ್ಡ್‌ನನ್ನು ಕಟ್ಟಿಕೊಂಡು ಲಿಸ್ಬನ್‌ಗೆ ಹೋದಳು. ಅಲ್ಲೇ ಮಗ ಹೆನ್ರಿ ಹುಟ್ಟಿದ, ಅವನ ಮೊಮ್ಮಗಳು ನಾನು. ಬಾರ್ಬರಾಳ ಅಪ್ಪ ಕೋಪದಲ್ಲಿ ಆಸ್ತಿಯನ್ನೆಲ್ಲ ಬೇರೆಯವರಿಗೆ ಬರೆದಿದ್ದರಿಂದ, ಬರೀ ಹೆಸರನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ನಮ್ಮವರು ಯಾರೂ ಆ ಪಟ್ಟವನ್ನು ಕೇಳಲಿಲ್ಲ. ನಾನು ಕೇಳಿದೆ. ಕೇಳಿದ ಕೂಡಲೇ ಪೆರಿಗ್ರಿನ್‌ಗೆ ತನ್ನ ತಾಯಿಯ ಅಜ್ಜಿಯ ಅಮ್ಮ ಮರ್ಡನ್ ಪ್ರಭುವಿನ ತಂಗಿ ಅನ್ನುವುದು ಥಟ್ಟನೆ ನೆನಪಾಗಿಬಿಟ್ಟಿತು.

ಅವನ ವಾದ ಇಷ್ಟೇ. ಬಾರ್ಬರಾ ಮಕ್ಕಳಿಲ್ಲದೆ ಲಿಸ್ಬನ್‌ನಲ್ಲಿ ಸತ್ತಳು; ಗೈಲ್ಸ್ ಅಲ್ಲಿಯ ದ್ರಾಕ್ಷಾರಸದ ವ್ಯಾಪಾರಿಯ ಮಗಳನ್ನು ಎರಡನೆಯವಳಾಗಿ ಮಾಡಿಕೊಂಡ; ಹೆನ್ರಿ ಆ ಎರಡನೆಯವಳ ಮಗ; ಆದ್ದರಿಂದ ನನ್ನ ಮೈಯಲ್ಲಿ ಹರಿಯುವುದು ಬರೀ ದ್ರಾಕ್ಷಾರಸ, ಮರ್ಡನ್ ರಕ್ತ ಒಂದು ತೊಟ್ಟೂ ಇಲ್ಲ. ಹೆನ್ರಿಗೆ ನೀರು ಹಾಕಿ ಹೆಸರಿಟ್ಟ ಹಡಗಿನ ಪಾದ್ರಿ ತಂದೆಯ ಹೆಸರು ಬರೆದು ತಾಯಿಯ ಹೆಸರನ್ನು ಬಿಟ್ಟಿದ್ದಾನೆ, ಮಗುವನ್ನು ಕ್ಯಾಪ್ಟನ್ನೇ ಹೆತ್ತ ಹಾಗೆ. ಬಾರ್ಬರಾಳ ಸಮಾಧಿ ಲಿಸ್ಬನ್‌ನಲ್ಲಿ ಎಲ್ಲಿತ್ತೋ ಯಾರಿಗೂ ಗೊತ್ತಿಲ್ಲ. ಅಂತೂ ಎಲ್ಲವೂ ಬಂದು ನಿಂತದ್ದು ನಮ್ಮ ಚರ್ಚಿನ ಗೋಡೆಯಲ್ಲಿ ತೂಗುವ ಗೈಲ್ಸ್‌ನ ಸೂತಕದ ಹಲಗೆಯ ಮೇಲೆ.

ಐರಿಸ್, ಇಲ್ಲಿ ಕಿವಿಗೊಟ್ಟು ಕೇಳು ತಾಯಿ. ಗಂಡ ಸತ್ತರೆ ಹಲಗೆಯಲ್ಲಿ ಗಂಡನ ಲಾಂಛನ ಒಂದು ಕಡೆ, ಹೆಂಡತಿಯ ತವರಿನ ಲಾಂಛನ ಇನ್ನೊಂದು ಕಡೆ. ಸತ್ತವರ ಹಿಂದಿನ ಬಣ್ಣ ಕಪ್ಪು, ಬದುಕಿರುವವರ ಹಿಂದೆ ಬಿಳಿ. ಪೂರ್ತಿ ಕಪ್ಪಿದ್ದರೆ ಅವನು ಸಾಯುವ ಹೊತ್ತಿಗೆ ಹೆಂಡತಿಯೂ ಸತ್ತಿದ್ದಳೆಂದು ಅರ್ಥ. ಗೈಲ್ಸ್‌ನ ಹಲಗೆಯಲ್ಲಿ ಹೆಂಡತಿಯ ಕಡೆ ಇರುವುದು ಮರ್ಡನ್ ಮನೆಯ ಮೂರು ಬೆಳ್ಳಕ್ಕಿ. ಹಿಂದೆ ಮಾತ್ರ ಎರಡೂ ಕಡೆ ಕಾಡಿಗೆ ಕಪ್ಪು. ಲಂಡನ್ನಿನಲ್ಲಿ ಪ್ರಭುಗಳ ಸಭೆಯ ಸಮಿತಿಯ ಮುಂದೆ ಪೆರಿಗ್ರಿನ್‌ನ ಬ್ಯಾರಿಸ್ಟರ್ ಅದರ ಫೋಟೋ ಎತ್ತಿ ಹಿಡಿದು, ಬಾರ್ಬರಾ ಮೊದಲೇ ತೀರಿಕೊಂಡಿದ್ದಳು, ವ್ಯಾಪಾರಿಯ ಮಗಳಿಗೆ ಲಾಂಛನವೇ ಇರಲಿಲ್ಲವಾದ್ದರಿಂದ ಅವಳನ್ನು ಬರೆಯಲಿಲ್ಲ ಎಂದು ಅರ್ಧ ಗಂಟೆ ಗಿಳಿಪಾಠ ಒಪ್ಪಿಸಿದ. ನಮ್ಮ ವಕೀಲ ಹಾಬ್‌ಡೇ ಮುಖ ಸಣ್ಣಗೆ ಮಾಡಿಕೊಂಡು "ಅಮ್ಮಾ, ಇನ್ನು ಕಷ್ಟ. ಮರ್ಯಾದೆಯಿಂದ ಅರ್ಜಿ ವಾಪಸ್ ತಗೊಳ್ಳೋದು ಒಳ್ಳೇದು" ಅಂದ. ಲಂಡನ್ನಿಗೆ ಬಂದು ಬೇಯಿಸಿದ ಮೊಟ್ಟೆ ತಿಂದು ಮರ್ಯಾದೆಯಿಂದ ವಾಪಸ್ ಹೋಗುವುದಕ್ಕೆ ನಾನು ರೈಲು ಹತ್ತಿರಲಿಲ್ಲ.

ಆ ಹಲಗೆ ಒಂದು ಕಾಲದಲ್ಲಿ ಅರ್ಧ ಬಿಳಿಯಾಗಿತ್ತು ಬೇಸಿಲ್. ಚಿಕ್ಕಂದಿನಲ್ಲಿ ಪ್ರತಿ ಭಾನುವಾರ ಅದರ ಕೆಳಗೇ ಕೂತಿದ್ದವಳು ನಾನು. ಉಪದೇಶ ಮುಗಿಯುವ ತನಕ ನೋಡುವುದಕ್ಕೆ ಇನ್ನೇನಿತ್ತು? ಬಿಳಿಯ ಮುಂದೆ ಬಿಳಿ ಹಕ್ಕಿ ಬರೆದಿದ್ದಾರಲ್ಲ, ಪೆದ್ದರು, ಅಂದುಕೊಳ್ಳುತ್ತಿದ್ದೆ. ಮುದಿ ರಾಣಿ ಪಟ್ಟವೇರಿದ ಐವತ್ತನೇ ವರ್ಷದ ಉತ್ಸವಕ್ಕೆ ಜಿಲ್ಲೆಯ ದೊಡ್ಡವರೆಲ್ಲ ಚರ್ಚಿಗೆ ಬರುತ್ತಾರೆಂದು ನಮ್ಮಪ್ಪ ಅಲ್ಲಿಯ ಹಲಗೆಗಳಿಗೆಲ್ಲ ಹೊಸ ಬಣ್ಣ ಹೊಡೆಸಿದ. ನಮ್ಮಪ್ಪನಿಗೆ ನರಿ ಬೇಟೆ ಗೊತ್ತಿದ್ದಷ್ಟು ಲಾಂಛನ ಗೊತ್ತಿರಲಿಲ್ಲ. ಸೂತಕ ಅಂದಮೇಲೆ ಅದೇನು ಅರ್ಧ ಸೂತಕ, ನೋಡಿದವರು ಬಣ್ಣಕ್ಕೆ ಗತಿಯಿಲ್ಲ ಅಂದುಕೊಳ್ಳುತ್ತಾರೆ ಎಂದು ಗಾಡಿಗೆ ಬಣ್ಣ ಹೊಡೆಯುವವನನ್ನು ಕರೆಸಿ ಪೂರ್ತಿ ಕಪ್ಪು ಬಳಿಸಿಬಿಟ್ಟ. ನೆಂಟರ ಮುಂದೆ ಚೆನ್ನಾಗಿ ಕಾಣಲಿ ಎಂದು ತನ್ನ ಅಜ್ಜಿಯನ್ನೇ ಬಣ್ಣದಲ್ಲಿ ಕೊಂದವನ ಮಗಳು ನಾನು. ಇದನ್ನು ಸಮಿತಿಯ ಮುಂದೆ ಎದ್ದು ನಿಂತು ಹೇಳಿದೆ. ಹಾಬ್‌ಡೇ ನನ್ನ ತೋಳು ಎಳೆಯುತ್ತಲೇ ಇದ್ದ. ಪೆರಿಗ್ರಿನ್‌ನ ಬ್ಯಾರಿಸ್ಟರ್ ನಕ್ಕು, ಮುದುಕಿಯರ ನೆನಪು ಸಾಕ್ಷಿಯಾಗುವುದಿಲ್ಲ ಎಂದ. ನೆನಪು ಬೇಡ, ಬಣ್ಣ ಕೆರೆದು ನೋಡಿ ಎಂದೆ.

ಹಾಗೆ, ಮೇ ತಿಂಗಳ ಒಂದು ಬೆಳಿಗ್ಗೆ ಎಲ್ಲರೂ ನಮ್ಮ ಚರ್ಚಿನಲ್ಲಿ ಸೇರಿದೆವು. ಲಾಂಛನಗಳನ್ನು ಪರೀಕ್ಷಿಸುವ ಸರ್ಕಾರಿ ಅಧಿಕಾರಿ, ಸಮಿತಿಯೇ ಗೊತ್ತುಮಾಡಿದ ಚಿತ್ರ ತೊಳೆಯುವವನು, ಎರಡೂ ಕಡೆಯ ವಕೀಲರು, ಊರಿನ ಅರ್ಧ ಜನ. ಪೆರಿಗ್ರಿನ್ ಬೂಟು ಟಕಟಕ ಅನ್ನಿಸುತ್ತಾ ಬಂದು ಎಲ್ಲರಿಗೂ ಕೇಳುವ ಹಾಗೆ, "ಹೆಸ್ಟರ್ ಅಕ್ಕಾ, ಕೆಳಗಡೆನೂ ಕಪ್ಪೇ ಬಂದ್ರೆ ಏನ್ ಮಾಡ್ತೀಯ? ಇನ್ನೂ ಕೆರೀರಿ ಅಂತೀಯಾ, ಗೋಡೆ ಸಿಗೋ ತನಕ?" ಅಂದ. "ಗೋಡೆ ಸಿಕ್ಕಿದ್ರೆ ಅದನ್ನೂ ಟೇಪು ಹಿಡಿದು ಅಳ್ಕೋ ಮಾರಾಯ" ಅಂದೆ. ಹಿಂದಿನ ಸಾಲಿನಲ್ಲಿ ಡಾರ್ಕಸ್ ಕಿಸಕ್ಕನೆ ನಕ್ಕಳು. ಬಾಯೇನೋ ಜೋರಾಗಿತ್ತು, ಆದರೆ ನನ್ನ ನೆನಪೇ ತಪ್ಪಿದ್ದರೆ? ಬೇರೆ ಯಾವುದೋ ಹಲಗೆಯನ್ನು ನೋಡಿಕೊಂಡು ಬೆಳೆದಿದ್ದರೆ? ಹೆದರಿದ್ದೆ ಬೇಸಿಲ್. ನಿಮ್ಮಪ್ಪ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು.

ಮೊದಲು ಗಂಡನ ಕಡೆ ಒರೆಸಿದರು. ಮೇಲಿನ ಕಪ್ಪು ಹೋಯಿತು, ಅಡಿಯಲ್ಲಿ ಹಳೆಯ ಕಪ್ಪು. ಪೆರಿಗ್ರಿನ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಆಮೇಲೆ ಹೆಂಡತಿಯ ಕಡೆ. ಹತ್ತಿಯನ್ನು ಒದ್ದೆ ಮಾಡಿ ಮಾಡಿ ಒರೆಸಿದ ಹಾಗೆಲ್ಲ ಬರೀ ಕಂದು ರಾಡಿ ಬರುತ್ತಿತ್ತು. ಸ್ಪಿರಿಟ್ಟಿನ ವಾಸನೆಗೆ ಕೆಮ್ಮು ಹತ್ತಿತು. ಆಮೇಲೆ ಬೂದು ಬಣ್ಣ ಕಂಡಿತು. ಆಮೇಲೆ ಬಿಳಿ. ನಾಣ್ಯದಗಲ ಮೊದಲು, ಸ್ವಲ್ಪ ಹೊತ್ತಿಗೆ ಅಂಗೈಯಗಲ. ಅದು ಬಣ್ಣವಲ್ಲ, ಬಣ್ಣಕ್ಕಿಂತ ಮೊದಲು ಬಳಿಯುವ ಅಸ್ತರಿ ಎಂದು ಅವನ ಬ್ಯಾರಿಸ್ಟರ್ ಕೂಗಾಡಿದ. ತೊಳೆಯುವವನು ಗಂಡನ ಕಡೆಯ ಒಂದು ಮೂಲೆಯಲ್ಲಿ ಹಳೆಯ ಕಪ್ಪನ್ನೂ ತೆಗೆದು ತೋರಿಸಿದ. ಅಲ್ಲಿ ಅಸ್ತರಿ ಇಟ್ಟಿಗೆ ಕೆಂಪಾಗಿತ್ತು. ಹೆಂಡತಿಯ ಕಡೆಯ ಬಿಳಿಯ ಅಡಿಯಲ್ಲೂ ಅದೇ ಕೆಂಪು. ಅಧಿಕಾರಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಕ್ಯಾಪ್ಟನ್ ಸತ್ತಾಗ ಈ ಹೆಂಗಸು ಬದುಕಿದ್ದಳು. ಇದರಲ್ಲಿ ನನಗೆ ಅನುಮಾನ ಉಳಿದಿಲ್ಲ" ಅಂದ. ಅವಳು ಬದುಕಿದ್ದರೆ ಎರಡನೆಯವಳೆಲ್ಲಿ ಬಂದಳು? ಕ್ಯಾಪ್ಟನ್ ಸಾಯುವ ಹೊತ್ತಿಗೆ ಹೆನ್ರಿ ಆಗಲೇ ನಡೆದಾಡುವ ಮಗು. ಅವನು ಬಾರ್ಬರಾಳ ಮಗನೇ. ನಾನು ಅವಳ ಮರಿಮೊಮ್ಮಗಳೇ. ಅತ್ತುಬಿಟ್ಟೆ, ಮುಚ್ಚಿಡುವುದೇನು. ಆ ಮೂರು ಬೆಳ್ಳಕ್ಕಿಗಳು ಮತ್ತೆ ಬಿಳಿಯ ಮುಂದೆ ನಿಂತದ್ದನ್ನು ನೋಡಿ ಜೋರಾಗಿಯೇ ಅತ್ತೆ.

ಸಮಿತಿ ಪಟ್ಟವನ್ನು ನನ್ನ ಹೆಸರಿಗೆ ಒಪ್ಪಿತು. ನಿಮ್ಮಮ್ಮ ಈಗ ಲೇಡಿ ಮರ್ಡನ್, ಗಂಡನಿಂದ ಬಂದದ್ದಲ್ಲ, ಸ್ವಂತದ್ದು. ಪ್ರಭುಗಳ ಸಭೆಯೊಳಗೆ ಕೂರುವುದಕ್ಕೆ ಮಾತ್ರ ನನ್ನನ್ನು ಬಿಡುವುದಿಲ್ಲವಂತೆ. ಪಟ್ಟ ಹೆಂಗಸಿಗೆ ಸಲ್ಲುತ್ತದೆ, ಆಸನ ಸಲ್ಲುವುದಿಲ್ಲ. ಮೊಣಕಾಲು ನೋವಿನವಳಿಗೆ ಕುರ್ಚಿ ಕೊಡದ ಆ ಗಂಡಸರ ಬಗ್ಗೆ ಇನ್ನೊಂದು ಕಾಗದದಲ್ಲಿ ಬರೆಯುತ್ತೇನೆ. ಸದ್ಯಕ್ಕೆ ಪೆಂತೆಕೊಸ್ತ್ ಹಬ್ಬದ ಭಾನುವಾರದ ಸುದ್ದಿ ಕೇಳು. ಪೆರಿಗ್ರಿನ್‌ನ ಹೆಂಡತಿ ಮಾಡ್ ಇದ್ದಾಳಲ್ಲ, ಮದುವೆಯಾಗಿ ಬಂದ ದಿನದಿಂದ ಚರ್ಚಿನ ಬಾಗಿಲಲ್ಲಿ, ಊಟದ ಮನೆಯ ಬಾಗಿಲಲ್ಲಿ, ನನ್ನನ್ನು ನೋಡಿಯೂ ನೋಡದವಳ ಹಾಗೆ ನನಗಿಂತ ಮುಂದೆ ನಡೆದವಳು. ಅದು ಅವಳ ಹಕ್ಕೇ, ಅವಳು ಸರ್‌ನ ಹೆಂಡತಿ, ನಾನು ಪಾದ್ರಿಯ ಹೆಂಡತಿ. ಆ ಭಾನುವಾರವೂ ಪ್ರಾರ್ಥನೆ ಮುಗಿದ ಮೇಲೆ ಛತ್ರಿ ಊರಿಕೊಂಡು ಬಾಗಿಲ ತನಕ ಬಂದವಳು ಗಕ್ಕನೆ ನಿಂತಳು. ಬ್ಯಾರನ್ ಪಟ್ಟದವಳು ಮುಂದೆ ಹೋಗಬೇಕು, ಪದ್ಧತಿ. ಹಿಂದೆ ಇಡೀ ಊರು ಸಾಲುಗಟ್ಟಿತ್ತು. "ಮೊದಲು ನೀವು, ಲೇಡಿ ಮರ್ಡನ್" ಅಂದಳು, ಕಹಿ ಔಷಧಿ ನುಂಗಿದವಳ ಮುಖ ಮಾಡಿಕೊಂಡು. ನಾನು ಮೊಣಕಾಲು ನೋವಿನ ನೆಪದಲ್ಲಿ ಎಷ್ಟು ನಿಧಾನವಾಗಿ ನಡೆಯಬಹುದೋ ಅಷ್ಟು ನಿಧಾನವಾಗಿ ನಡೆದೆ. ಒಮ್ಮೆ ನಿಂತು ಹವಾಮಾನದ ಬಗ್ಗೆಯೂ ಮಾತಾಡಿದೆ. ದೇವರು ಕ್ಷಮಿಸುತ್ತಾನೆ, ನಿಮ್ಮಪ್ಪ ಅಲ್ಲಿ ನನ್ನ ಪರವಾಗಿ ಹೇಳಿಯೇ ಹೇಳುತ್ತಾರೆ.

ಡಾರ್ಕಸ್‌ಗೆ ಮಾತ್ರ 'ಲೇಡಿ' ಅನ್ನುವುದಕ್ಕೆ ಇನ್ನೂ ನಾಲಗೆ ಹೊರಳುವುದಿಲ್ಲ. ಊರಿನವರಿಗೆಲ್ಲ "ನಮ್ಮ ಪಾದ್ರಮ್ಮನೋರು ಈಗ ಪ್ರಭು ಆಗವ್ರೆ" ಎಂದು ಸಾರುತ್ತಾ ತಿರುಗುತ್ತಿದ್ದಾಳೆ. ನೆಲ್ಲಿಯಂಥ ಹುಳಿಕಾಯಿಯ ಪೈ ಮಾಡಿಕೊಂಡು ಮನೆಮನೆಗೆ ಹಂಚಿದ್ದಾಳೆ. ನಿನ್ನ ಪಾಲು ಕೆಡುತ್ತದೆಂದು ನಾನೇ ತಿಂದೆ.

ನಿನಗೂ ಐರಿಸ್‌ಗೂ ನನ್ನ ತುಂಬು ಆಶೀರ್ವಾದ. ಬಾಣಂತನಕ್ಕೆ ಬೇಕಾದ ಉಣ್ಣೆ ಬಟ್ಟೆಗಳು ಬೇರೆ ಗಂಟಿನಲ್ಲಿ ಬರುತ್ತಿವೆ, ಮಾಲ್ಟಾದಲ್ಲಿ ಸೆಖೆ ಎಂದು ನೆಪ ಹೇಳಬೇಡ, ಹೊದಿಸು.

ನಿನ್ನನ್ನು ಹೆತ್ತು ಈಗ ಹೆಮ್ಮೆಯಿಂದ ಬೀಗುತ್ತಿರುವ ಅಮ್ಮ,
ಹೆಸ್ಟರ್ ಮರ್ಡನ್
(ಈ ಸಹಿ ಹಾಕಿದ್ದು ಇದೇ ಮೊದಲು. ಚೆನ್ನಾಗಿ ಬಂದಿದೆ ಅಲ್ಲವೇ?)

ಮರೆತ ಮಾತು ಅಲ್ಲ, ಈಗಷ್ಟೇ ಬಂದ ಮಾತು: ಲಕೋಟೆಗೆ ಅಂಟು ಹಚ್ಚುವಾಗ ನಿನ್ನ ತಂತಿ ಬಂತು. "ಹೆಣ್ಣು ಮಗು. ಇಬ್ಬರೂ ಕ್ಷೇಮ. ಕ್ಷಮಿಸಮ್ಮ." ಕೊನೆಯ ಪದಕ್ಕೆ ದುಡ್ಡು ಯಾಕೆ ದಂಡ ಮಾಡಿದೆಯೋ ಪೆದ್ದಪ್ಪ? ನಾನು ಯಾತಕ್ಕಾಗಿ ಆ ಗಂಡಸರ ಮುಂದೆ ನಿಂತು ಬಡಿದಾಡಿದೆ ಅಂದುಕೊಂಡೆ? ಪಟ್ಟ ನನ್ನಿಂದ ನಿನಗೆ, ನಿನ್ನಿಂದ ಅವಳಿಗೆ. ಮುಂದೆ ತಮ್ಮ ಹುಟ್ಟಿದರೆ ಅವನದೇ ಎಂದು ಹಾಬ್‌ಡೇ ಗೊಣಗಬಹುದು, ಹುಟ್ಟಿದಾಗ ನೋಡೋಣ. ಇವತ್ತಿಗೆ ನಿನ್ನ ಉತ್ತರಾಧಿಕಾರಿ ಅವಳೇ, ಟೇಪು ಹಿಡಿದು ಯಾವ ದಾಯಾದಿಯೂ ಬರುವ ಹಾಗಿಲ್ಲ. ಬಾರ್ಬರಾ ಎಂದು ಹೆಸರಿಡಿ. ಡಾರ್ಕಸ್‌ಳನ್ನು ಚರ್ಚಿಗೆ ಓಡಿಸಿದ್ದೇನೆ. ಈ ಊರಿನಲ್ಲಿ ನಮ್ಮ ಮನೆತನಕ್ಕೆ ವಾರಸುದಾರ ಹುಟ್ಟಿದರೆ ಗಂಟೆ ಬಾರಿಸುತ್ತಾರೆ. ನಾನು ಹುಟ್ಟಿದ ದಿನವೂ ಹಗ್ಗ ಹಿಡಿದು ಕಾದಿದ್ದರಂತೆ, ಹೆಣ್ಣು ಎಂದು ಗೊತ್ತಾದ ಮೇಲೆ ಒಂದೊಂದು ಲೋಟ ಬಿಯರ್ ಕುಡಿಸಿ ಮನೆಗೆ ಕಳಿಸಿದರಂತೆ. ತಡಿ, ಕಿಟಕಿ ತೆಗೆಯುತ್ತೇನೆ. ಶುರುಮಾಡಿದರು ಬೇಸಿಲ್, ಬಾರಿಸುತ್ತಿದ್ದಾರೆ.