ಎಲೆಯ ಮೇಲಿನ ಬೂಷ್ಟು

ಬಾಂತುಲ್, ಶುಕ್ರವಾರ

ವಿಶ್ವವಿದ್ಯಾಲಯದ ಸುಹಾರ್ದಿ ಮೇಷ್ಟರಿಗೆ, ಸೋಯಾಕಾಳಿಗೆ ಬೂಷ್ಟು ಹಿಡಿಸಿ ಟೆಂಪೆ ಮಾಡಿ ಮಾರುವ ತುಗಿನೆಮ್‌ಳ ನಮಸ್ಕಾರ.

ನಿಮ್ಮ ವಿದ್ಯಾರ್ಥಿಗಳು ನಮ್ಮೂರಿನಲ್ಲಿ ನಡೆಸುತ್ತಿರುವ ಪಾಠ ಚೆನ್ನಾಗಿದೆ. ಜೀವಿಯೊಳಗಿನ ಬರಹವನ್ನು ಹೇಗೆ ತಿದ್ದಬಹುದೆಂದು ಮಕ್ಕಳಿಗೆ ಬಣ್ಣದ ಮಣಿ ಪೋಣಿಸಿ ತೋರಿಸಿದರು. ಜೆಲ್ಲಿಮೀನಿನ ಗುಣ ಸೇರಿಸಿದ ಬ್ಯಾಕ್ಟೀರಿಯಾ ಹಸಿರಾಗಿ ಹೊಳೆದಾಗ ನಾನೂ ಚಪ್ಪಾಳೆ ತಟ್ಟಿದೆ.

ಆಮೇಲೆ ಲಾರಸ್ ಎಂಬ ನಿಮ್ಮ ವಿದ್ಯಾರ್ಥಿನಿ ನನ್ನ ಅಡುಗೆಮನೆಗೆ ಬಂದು, ಸೋಯಾಕಾಳಿಗೆ ಹೆಪ್ಪಿಡುವ ಬೂಷ್ಟು ಹಿಡಿದ ಎಲೆಯೊಂದನ್ನು ಕೇಳಿದಳು. ಅದು ನನ್ನ ಅತ್ತೆಯ ಕಾಲದಿಂದ ಎಲೆಯಿಂದ ಎಲೆಗೆ ದಾಟಿಸಿಕೊಂಡು ಬಂದದ್ದು. ನಮ್ಮಲ್ಲಿ ಅದನ್ನು ಸೊಸೆಗಲ್ಲದೆ ಬೇರೆಯವರಿಗೆ ಕೊಡುವುದಿಲ್ಲ.

"ಸುಮ್ನೆ ಮಕ್ಳಿಗೆ ತೋರ್ಸೋಕೆ ಅಮ್ಮಾ, ಯಾವ್ದಾದ್ರೂ ನಡಿಯುತ್ತೆ," ಅಂದಳು.

ಯಾವುದಾದರೂ ನಡೆಯುತ್ತದಲ್ಲ ಎಂದು, ಸಂತೆಯಲ್ಲಿ ಸಿಗುವ ಹೆಪ್ಪಿನ ಪುಡಿಯಿಂದ ಬೆಳೆಸಿದ ಎಲೆಯೊಂದನ್ನು ಕೊಟ್ಟು ಕಳಿಸಿದೆ.

ನಿನ್ನೆ ಅವಳು ಮತ್ತೆ ಬಂದಳು. ಎರಡು ಪೊಟ್ಟಣ ಟೆಂಪೆ ಕೊಂಡು, ಹೊರಡುವಾಗ ನಗುತ್ತಾ, "ಅಮ್ಮಾ, ಅವತ್ತು ನೀವು ಕೊಟ್ಟಿದ್ದು ನಿಮ್ಮನೇದಲ್ಲ ಅಲ್ವಾ? ನಿಜವಾದ್ದು ಕೊಡಿ," ಅಂದಳು.

"ಇನ್ನೊಂದಿನ ಬಾ ಮಗಳೇ," ಅಂದೆ.

ಕಣ್ಣಿಗೆ ಎರಡೂ ಒಂದೇ ಥರ ಕಪ್ಪಗಿರುತ್ತವೆ ಮೇಷ್ಟರೇ. ಮೂಸಿ ನೋಡದೆ ನನಗೇ ಗೊತ್ತಾಗುವುದಿಲ್ಲ. ಅದು ನಮ್ಮದಲ್ಲವೆಂದು ಜೀವಿಯ ಬರಹ ಓದುವ ನಿಮ್ಮ ಯಂತ್ರ ಹೇಳಿರಬೇಕು, ಇಲ್ಲವೇ ನನ್ನ ಸೊಸೆ ಹೇಳಿರಬೇಕು. ನಿಮ್ಮ ಪಾಠವನ್ನು ಅವಳು ಒಂದು ದಿನವೂ ತಪ್ಪಿಸಿಲ್ಲ.

ಹೇಳಿದ್ದು ಯಂತ್ರವೋ ಸೊಸೆಯೋ ಎಂದು ದಯವಿಟ್ಟು ಒಂದು ಸಾಲು ಬರೆದು ತಿಳಿಸಿ. ಪಾಠ ಮುಂದುವರಿಯಲಿ, ಆದರೆ ಮಣಿಗಳನ್ನು ಮಾತ್ರ ತರಲಿ. ನಮ್ಮ ಎಲೆಯನ್ನು ಒಲೆಯ ಮೇಲಿನಿಂದ ತೆಗೆದು ಬೇರೆ ಕಡೆ ಇಟ್ಟಿದ್ದೇನೆ. ಎಲ್ಲಿ ಎಂದು ಸೊಸೆಗೂ ಹೇಳಿಲ್ಲ.

ಉತ್ತರಕ್ಕೆ ಕಾದಿರುವ,
ತುಗಿನೆಮ್