ಫೋನಿನಲ್ಲಿ ಅಪ್ಪ ಅಂದ ‘ಆಯ್ತು’

ಹದಿನಾಲ್ಕನೇ ತಾರೀಖು, ಮಂಗಳವಾರ

ಅಮ್ಮಾ,

ಮೊದಲು ಬೈದುಬಿಡು, ಆಮೇಲೆ ಓದು. ಆಫೀಸಿನ ಟ್ರೈನಿಂಗೂ ಇಲ್ಲ, ಮಣ್ಣೂ ಇಲ್ಲ. ಅಪ್ಪನಿಗೆ ಹುಷಾರಿಲ್ಲ ಅಂತ ದೊಡ್ಡಪ್ಪ ಕಾಗದ ಬರೆದಿದ್ದ. ನಿನಗೆ ಸುಳ್ಳು ಹೇಳಿ ಅವರ ಊರಿಗೆ ಬಂದಿದ್ದೇನೆ. ಬಸ್ಸು ಬೆಟ್ಟದ ಅರ್ಧಕ್ಕೇ ಇಳಿಸಿತು, ಉಳಿದ ಮೂರು ಗಂಟೆ ನಡೆದೇ ಹತ್ತಿದೆ. ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬಿತ್ತು. ಮನೆಮನೆಯಲ್ಲೂ ತಾಮ್ರದ ಹಂಡೆ ಬಡಿಯುತ್ತಾರೆ. ಹತ್ತೇ ನಿಮಿಷಕ್ಕೆ ನನ್ನ ತಲೆ ಚಿಟ್ಟು ಹಿಡಿದುಹೋಯಿತು.

ಅಪ್ಪ ದೊಡ್ಡಪ್ಪನ ಕೊಟ್ಟಿಗೆಯ ಮೂಲೆಯಲ್ಲಿ ಕೂತು ಮರಳು ಹಾಕಿ ಹಂಡೆ ಉಜ್ಜುತ್ತಿದ್ದ. ಹಿಂದಿನಿಂದ ನಾಲ್ಕು ಸಲ ಕೂಗಿದೆ, ತಿರುಗಲಿಲ್ಲ. ನಿನ್ನ ಮಗಳಲ್ಲವೇ, ಸಿಟ್ಟು ನೆತ್ತಿಗೇರಿತು. ಆಗ ದೊಡ್ಡಮ್ಮ ನನ್ನನ್ನು ಹೊರಗೆ ಎಳೆದುಕೊಂಡು ಬಂದು, ಅವನಿಗೆ ಕಿವಿ ತುಂಬಿ ಎಷ್ಟು ವರ್ಷ ಆಯ್ತು, ನಿಮಗೆ ಗೊತ್ತೇ ಇಲ್ವೇನೇ ಅಂದಳು.

ಇಲ್ಲಿಯವರು ಕಿವುಡು ಅನ್ನುವುದಿಲ್ಲ, ಕಿವಿ ತುಂಬಿತು ಅನ್ನುತ್ತಾರೆ. ತುಂಬಿದವನು ಅದನ್ನು ಬಾಯಿ ಬಿಡುವುದಿಲ್ಲ. ಬಡಿದು ಬಡಿದು ತಾಮ್ರ ಬಿರುಸಾದಾಗ ಸುತ್ತಿಗೆಯ ಸದ್ದು ಬದಲಾಗುತ್ತದಂತೆ. ಆಗ ಮತ್ತೆ ಬೆಂಕಿಗೆ ಹಾಕದಿದ್ದರೆ ಹಂಡೆ ಸೀಳುತ್ತದೆ. ಸದ್ದು ಕೇಳದವನ ಕೈಗೆ ಯಾರು ಸುತ್ತಿಗೆ ಕೊಡುತ್ತಾರೆ? ಅದಕ್ಕೇ ಎದುರಿನವರ ತುಟಿ ನೋಡಿ, ಏನು ಕೇಳಿದರೂ ಆಯ್ತು ಅಂದು ದಿನ ತಳ್ಳುತ್ತಾರೆ. ಅಪ್ಪನೂ ಹಾಗೇ ವರ್ಷಗಟ್ಟಲೆ ತಳ್ಳಿದ. ನಿಮ್ಮ ಜೊತೆ ಮಾತಾಡೋದೂ ಒಂದೇ, ಗೋಡೆ ಜೊತೆ ಮಾತಾಡೋದೂ ಒಂದೇ ಅಂತ ನೀನು ಬೈದು ಹೊರಗೆ ಹಾಕಿದೆಯಲ್ಲ, ಆಗಲೇ ಅರ್ಧ ತುಂಬಿತ್ತಂತೆ.

ಫೋನಿನಲ್ಲಿ ತುಟಿ ಎಲ್ಲಿ ಕಾಣಬೇಕು, ಅಮ್ಮಾ? ಹದಿನಾರು ವರ್ಷದ ಹಿಂದೆ ಪಕ್ಕದ ಅಂಗಡಿಯಿಂದ, ನನ್ನದೇ ತಪ್ಪು, ವಾಪಸ್ ಬನ್ನಿ ಅಂತ ನೀನು ಅತ್ತದ್ದು ಅವನಿಗೆ ಕೇಳಿಸಿಯೇ ಇಲ್ಲ. ಆಯ್ತು ಆಯ್ತು ಅಂದು ಇಟ್ಟ. ನೀನು ಏಳು ದಿನ ಬಸ್ ನಿಲ್ದಾಣದಲ್ಲಿ ಕಾದೆ.

ಅವತ್ತು ನೀನು ಅಂದದ್ದನ್ನು ಇವತ್ತು ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಎರಡು ಸಲ ಓದಿದ. ಆಮೇಲೆ, ಅಯ್ಯೋ, ಬರಲೇಬೇಡಿ ಅಂದಿರ್ತಾಳೆ ಅಂದ್ಕೊಂಡಿದ್ದೆನಲ್ಲೇ ಅಂತ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ಕೂಗಿದ. ಅವನ ದನಿ ಅವನಿಗೇ ಕೇಳುವುದಿಲ್ಲ.

ಅವನ ಎದೆ ಪೂರ್ತಿ ಕೆಟ್ಟಿದೆ. ಎರಡು ಹೆಜ್ಜೆಗೆ ಏದುಸಿರು. ಹೆಚ್ಚೆಂದರೆ ಒಂದು ತಿಂಗಳು ಅಂದಿದ್ದಾರೆ ಡಾಕ್ಟರು. ಬೆಟ್ಟ ಇಳಿಯಲಾರ, ನೀನೇ ಹತ್ತಬೇಕು. ಮಂಡಿನೋವಿನ ರಾಗ ತೆಗೆಯಬೇಡ. ಬಸ್ಸು ನಿಲ್ಲುವಲ್ಲಿಂದ ಹಂಡೆ ಹೊರುವ ಹೇಸರಗತ್ತೆಯ ಮೇಲೆ ಕೂರಿಸಿ ಕರೆತರುತ್ತೇನೆ. ಈ ಕಾಗದ ತರುವ ಹಂಡೆ ವ್ಯಾಪಾರಿ ನಾಳಿದ್ದು ವಾಪಸ್ ಬರುತ್ತಾನೆ. ಅವನ ಜೊತೆಗೇ ಹೊರಟು ಬಾ.

ನಿನ್ನ ಬಾಯಿಬಡುಕಿ

ಇದು ಮರೆತು ಉಳಿದದ್ದಲ್ಲ, ಬರೆಯಲು ಕೈ ಬಾರದೆ ಉಳಿದದ್ದು: ಫೋನಾದ ಮೇಲೆ ಅಪ್ಪ ಒಂದು ಕಾರ್ಡು ಹಾಕಿದ್ದ. ನೀನು ಹೇಳಿದ್ದು ಕೇಳಿಸಲಿಲ್ಲ, ಎರಡು ಸಾಲು ಬರೆದು ಹಾಕು ಅಂತ. ಅದು ಬಂದಿತ್ತು, ಅಮ್ಮಾ. ನೀನು ಬಸ್ ನಿಲ್ದಾಣದಲ್ಲಿದ್ದೆ. ಅಂಚೆಯವನ ಕೈಯಿಂದ ತೆಗೆದುಕೊಂಡವಳು ನಾನು. ಆಗ ನನಗೆ ಹನ್ನೆರಡು. ನಿನ್ನನ್ನು ಅಳಿಸಿ ಈಗ ನೆಪ ಹೇಳ್ತಾನೆ ಅಂತ ಒಲೆಗೆ ಹಾಕಿದೆ. ಕಾರ್ಡು ತಲುಪಿತ್ತಾ ಅಂತ ಇವತ್ತು ಕೇಳಿದ. ಇಲ್ಲ ಅಂತ ಬರೆದೆ. ನೀನು ಬಂದು ನಿಜ ಹೇಳಿದರೂ ಸರಿ, ನನ್ನ ಮುಖ ನೋಡದಿದ್ದರೂ ಸರಿ. ಬಾ.