ಪೆದ್ದಣ್ಣ ಆರಿಸಿದ ಸ್ಪ್ರಿಂಗು

ಚಳ್ಳಕೆರೆ
೧೨ ನವೆಂಬರ್ ೨೦೨೪, ಮಂಗಳವಾರ

ಪ್ರೀತಿಯ ಸೂರಮ್ಮಕ್ಕನಿಗೆ,

ನಿಮ್ಮಪ್ಪನಿಗೆ ಅನ್ಯಾಯವಾಗಿದೆ. ಹನ್ನೊಂದು ದಿನ ಆ ಕಾರಿನ ಕೆಳಗೆ ಮಲಗಿ ದುಡಿದ ಪೆದ್ದಣ್ಣನನ್ನು ಒಂದೇ ಒಂದು ಸಲವೂ ಅದರೊಳಗೆ ಕೂರಿಸದೆ ಕಾರು ಹೊರಟುಹೋಯಿತು. ಇದನ್ನು ಮೊದಲೇ ಬರೆದುಬಿಟ್ಟೆ. ಇನ್ನು ಉಳಿದದ್ದನ್ನು ಸಮಾಧಾನವಾಗಿ ಬರೆಯುತ್ತೇನೆ.

ನೀನು, ಭಾವ, ಹರ್ಷಿತಾ ಎಲ್ಲರೂ ಚೆನ್ನಾಗಿದ್ದೀರಾ? ಹಬ್ಬದ ಸೀರೆಗಳ ಕೆಲಸ ಮುಗಿದು ಮಗ್ಗಕ್ಕೆ ಸ್ವಲ್ಪ ಬಿಡುವು ಸಿಕ್ಕಿರಬೇಕು. "ಅಪ್ಪ ಮೊಳಕಾಲ್ಮುರಿಗೆ ಬಂದು ಎಂಟು ದಿನ ಆಯ್ತು, ಬಾಯೇ ಬಿಡ್ತಿಲ್ಲ, ಶೆಡ್ಡಲ್ಲಿ ಏನಾಯ್ತೋ ಲೋಹಿತ?" ಎಂದು ನೀನು ಮೆಸೇಜು ಕಳಿಸಿದ್ದೆ. ಅದಕ್ಕೆ ಉತ್ತರ ಕೊಡದೆ ಇನ್ನೂ ಎಂಟು ದಿನ ಕಳೆದೆ. ಕ್ಷಮಿಸು. ಫೋನಿನಲ್ಲಾದರೆ ನೀನು ನಡುವೆ ಬೈಯುತ್ತೀಯ, ನಾನು ವಾದಕ್ಕೆ ನಿಲ್ಲುತ್ತೇನೆ. ಅದಕ್ಕೇ ಕಾಗದ.

ನಿಮ್ಮಪ್ಪನನ್ನು ಎಂಟು ವರ್ಷದಿಂದ ದೊಡ್ಡಪ್ಪ ಎನ್ನುತ್ತಾ ಬಂದಿದ್ದೇನೆ. ಲಾರಿಯ ಅಡಿಯ ಕಮಾನು ಪಟ್ಟಿ ಬಿಚ್ಚುವುದನ್ನು ಕಲಿಸಿದವರು ಅವರು. ಅವರಿಲ್ಲದೆ ಶೆಡ್ಡಿನ ಬಾಗಿಲು ತೆರೆಯುತ್ತೇನೆ, ಸಂಜೆ ಮುಚ್ಚುತ್ತೇನೆ, ಅಷ್ಟೆ. ಲಾರಿಯವರು ಬಂದು, "ಯಜಮಾನ್ರು ಇಲ್ವಾ? ಹಂಗಾದ್ರೆ ಆಮೇಲೆ ಬರ್ತೀವಿ" ಎಂದು ಹೋಗುತ್ತಾರೆ. ಅವರು ಬಾರದಿದ್ದರೆ ಈ ಶೆಡ್ಡು ಉಳಿಯುವುದಿಲ್ಲ.

ನಡೆದದ್ದು ಹೀಗೆ. ಎಣ್ಣೆ ಮಿಲ್ಲಿನ ಮಹಾಂತೇಶ ಬೆಂಗಳೂರಿನಿಂದ ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ತಂದ. ಹದಿನಾಲ್ಕು ವರ್ಷದ್ದು, ಕಡುನೀಲಿ, ಇರುವುದೇ ಎರಡು ಸೀಟು. ಮೊದಲಿನ ಮಾಲೀಕ ಅದನ್ನು ನೆಲಕ್ಕೆ ತಾಗುವಷ್ಟು ತಗ್ಗಿಸಿ ಬಂಡೆಯಂಥ ಸ್ಪ್ರಿಂಗು ಹಾಕಿಸಿದ್ದ. ರಸ್ತೆಯ ಪ್ರತಿ ಉಬ್ಬಿಗೂ ಅದರ ಹೊಟ್ಟೆ ಕೆರೆಯುತ್ತಿತ್ತು. ನಾನು ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಸಮಾನತೆಯ ಕಿರುಹೊತ್ತಿಗೆಗಳಿಂದ ಕಲಿತಿದ್ದನ್ನೆಲ್ಲ ಒಂದೇ ಉಸಿರಿಗೆ ದೊಡ್ಡಪ್ಪನಿಗೆ ಒಪ್ಪಿಸಿದೆ. ಶೇಂಗಾ ಸುಲಿಯುವ ಹೆಂಗಸರು ಆಟೋದಲ್ಲಿ ಹನ್ನೆರಡು ಜನ ತೂಗಾಡಿಕೊಂಡು ಬರುತ್ತಾರೆ, ಇವನೊಬ್ಬನಿಗೆ ಇಂಥ ಕಾರು, ಇದನ್ನು ನಾವು ಮುಟ್ಟಬಾರದು ಎಂದೆ.

"ಕಾರು ಏನ್ಲೇ ತಪ್ಪು ಮಾಡೈತೆ?" ಎಂದರು ಅವರು. "ಸ್ಪಾನರ್ ತಗಂಡ್ ಬಾ."

ಅಕ್ಕ, ಆ ಕಾರನ್ನು ನಾನು ದ್ವೇಷಿಸಬೇಕೆಂದಿದ್ದೆ. ಆಗಲಿಲ್ಲ. ಚಕ್ರ ಬಿಚ್ಚಿದಾಗ ಒಳಗೆ ಕಂಡ ತೋಳುಗಳು, ಕೀಲುಗಳು! ಒಂದು ಚಕ್ರವನ್ನು ಹಿಡಿಯಲು ಎಷ್ಟು ಕೈಗಳು ಎಂದು ನಾನು ಎಣಿಸುತ್ತಾ ಕೂತೆ. ಎಣ್ಣೆ ಸೋರಿ ಸತ್ತಿದ್ದ ಒಂದು ಶಾಕ್ ಅಬ್ಸಾರ್ಬರನ್ನು ದೊಡ್ಡಪ್ಪ ಬಿಚ್ಚಿ ತೋರಿಸಿದರು. ಒಳಗೆ ಒಂದು ಕಂಬಿ, ಕಾಗದದಷ್ಟು ತೆಳ್ಳನೆಯ ಉಕ್ಕಿನ ಬಿಲ್ಲೆಗಳು, ಸಾಸಿವೆ ಕಾಳು ತೂರುವಷ್ಟು ತೂತು. ಆ ತೂತಿನಲ್ಲಿ ಎಣ್ಣೆ ಹಾದುಹೋಗಬೇಕು. "ಸ್ಪ್ರಿಂಗು ಬರೀ ಕುಣಿತೈತೆ. ಅದಕ್ಕೆ ಸಾಕು ಕೂತ್ಕಾ ಅಂತ ಹೇಳೋದು ಈ ಎಣ್ಣೆ" ಎಂದರು. ಯಾರೋ ಇದನ್ನು ಯೋಚಿಸಿದ್ದಾರೆ, ಯಾರೋ ಕೊರೆದಿದ್ದಾರೆ. ಅವರ ಹೆಸರು ಎಲ್ಲಿಯೂ ಇಲ್ಲ. ನನಗೆ ಮೈ ಜುಮ್ಮೆಂದಿತು.

ಮಹಾಂತೇಶ ಫೋನಿನಲ್ಲಿ ಹೊಸ ಸ್ಪ್ರಿಂಗು, ಶಾಕುಗಳ ಎರಡು ಬಗೆಯ ಸೆಟ್ಟು ತೋರಿಸಿದ. ಒಂದು ರೇಸಿನ ಟ್ರ್ಯಾಕಿಗೆ ಮಾಡಿದ್ದು, ತೀರ ಬಿಗಿ. ಇನ್ನೊಂದು ಸ್ವಲ್ಪ ಮೆದು, ಆದರೆ ಎತ್ತರವನ್ನೂ ಬಿಗಿಯನ್ನೂ ನಾವೇ ತಿರುಗಿಸಿ ಹೊಂದಿಸಿಕೊಳ್ಳಬಹುದು. ಅವನ ಬೆರಳು ಮೊದಲನೆಯದರ ಮೇಲೆಯೇ ಇತ್ತು. ನನಗೂ ಅದೇ ಸರಿ ಅನ್ನಿಸಿತು, ಬಿಗಿ ಇದ್ದಷ್ಟೂ ವೇಗ ಎಂದುಕೊಂಡಿದ್ದೆ.

ದೊಡ್ಡಪ್ಪ ಕೇಳಿದ್ದು ಒಂದೇ ಮಾತು. "ಯಾವ ರಸ್ತೇಲಿ ಓಡಿಸ್ತೀಯಪ್ಪಾ?"

"ಉಳ್ಳಾರ್ತಿ ಕಾವಲ್ ಕಡೆ. ಅಲ್ಲಿ ಉದ್ದುಕೆ ಖಾಲಿ ಐತೆ."

ಮಾರನೆಯ ದಿನ ಬೆಳಿಗ್ಗೆ ನನ್ನನ್ನು ಬೈಕಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದರು. ಚಪ್ಪಲಿ ಕಳಚಿಟ್ಟು ಟಾರಿನ ಮೇಲೆ ಬರಿಗಾಲಲ್ಲಿ ನಡೆಯತೊಡಗಿದರು. ಎರಡೂ ಕಡೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ, "ಏನ್ ಪೆದ್ದಣ್ಣಾ, ಹರಕೆನಾ?" ಎಂದು ನಕ್ಕ. ಇವರು ನಗಲಿಲ್ಲ. "ಕಾಲಿಗೆ ಸಿಕ್ತದಲೇ, ತಗಡಿನ ಮಡಿಕೆ ಇದ್ದಂಗೆ ಸಣ್ಣ ಸಣ್ಣ ಏರು. ಬಿಗಿ ಸ್ಪ್ರಿಂಗು ಹಾಕಿದ್ರೆ ಚಕ್ರ ಏರಿಂದ ಏರಿಗೆ ಹಾರ್ತದೆ. ಚಕ್ರ ನೆಲ ಬಿಟ್ಟರೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಆ ಹುಡುಗ ಸಾಯ್ತಾನೆ." ನಲವತ್ತು ವರ್ಷ ಲಾರಿಯ ಕಮಾನು ಕಟ್ಟಿದ ಕಾಲುಗಳು ಅವು. ನಾನು ಓದಿದ ಯಾವ ಹೊತ್ತಿಗೆಯಲ್ಲೂ ಇಂಥ ಓದು ಇರಲಿಲ್ಲ ಅಕ್ಕ.

ಮೆದುವಾದದ್ದೇ ಬಂತು. ಹಾಕಿದ ಮೇಲೆ ನಾಲ್ಕು ಮೂಲೆಯ ಭಾರ ಹೊಂದಿಸಬೇಕಲ್ಲ, ದೊಡ್ಡಪ್ಪ ಮಂಡಿಯಿಂದ ಶೇಂಗಾ ಚೀಲ ತೂಗುವ ನಾಲ್ಕು ಯಂತ್ರ ತರಿಸಿ ಒಂದೊಂದು ಚಕ್ರದಡಿಗೆ ಒಂದೊಂದು ಇಟ್ಟರು. ಆಮೇಲೆ ಲಾರಿಯ ಅಭ್ಯಾಸ ನೋಡು, ಖಾಲಿ ಗಾಡಿ ತೂಗಬಾರದೆಂದು ಡಿಕ್ಕಿಗೆ ಎರಡು ಚೀಲ ಶೇಂಗಾ ತುರುಕಿದರು! ಕಾರು ಹಿಂಗಾಲು ಮಡಿಸಿ ಕೂತಂತೆ ಕೂತುಬಿಟ್ಟಿತು. ಆಗಲೇ ಮಹಾಂತೇಶ ಬಂದ.

"ಅಯ್ಯೋ ಯಜಮಾನ್ರೇ, ಇದು ಲಗೇಜ್ ಗಾಡಿ ಅಲ್ಲ! ನಾನೊಬ್ನೇ ಕೂರೋದು, ಎಪ್ಪತ್ತೆಂಟು ಕೆ.ಜಿ."

"ನಿಮ್ಮ ಮಿಲ್ಲಿಗೇ ಬರೋ ಮಾಲು ಅಲ್ವೇನಪ್ಪಾ, ಅದೂ ಒಂದ್ ಸಲ ಕಾರಲ್ಲಿ ಬರ್ಲಿ" ಎಂದು ದೊಡ್ಡಪ್ಪ ಚೀಲಗಳನ್ನು ಇಳಿಸಿದರು. ನಾವೆಲ್ಲ ನಕ್ಕೆವು. ಅವನ ತೂಕದಷ್ಟು ಶೇಂಗಾವನ್ನು ಡ್ರೈವರ್ ಸೀಟಿಗೆ ಹಾಕಿ, ಸ್ಪ್ರಿಂಗಿನಡಿಯ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಎದ್ದು ನಾಲ್ಕೂ ಯಂತ್ರ ನೋಡುತ್ತಾ, ಮತ್ತೆ ಮಲಗುತ್ತಾ ಎರಡು ದಿನ ಕಳೆದರು. ನಾನು ಅವಸರ ಮಾಡಿದರೆ, "ಮೆಲ್ಲಗ ರಾ, ಮೆಲ್ಲಗ" ಎಂದು ನಿಮ್ಮ ಕಡೆಯ ತೆಲುಗಿನಲ್ಲಿ ಗದರುತ್ತಿದ್ದರು. ನಿನ್ನ ಮಗ್ಗದ ಕೆಂಪು ರೇಷ್ಮೆ ಎಳೆ ಅವರ ಪೆಟ್ಟಿಗೆಯಲ್ಲಿತ್ತು. ಅದನ್ನು ಶಾಕಿನ ಕಂಬಿಗೆ ಬಿಗಿದು ಕಟ್ಟಿದರು. ಓಡಿಸಿ ಬಂದ ಮೇಲೆ ಎಳೆ ಎಲ್ಲಿಗೆ ಸರಿದಿದೆಯೋ ಅಷ್ಟು ದೂರ ಕಂಬಿ ಒಳಗೆ ಮುಳುಗಿದೆ ಎಂದು ಲೆಕ್ಕ.

ಅಕ್ಟೋಬರ್ ಇಪ್ಪತ್ತಾರು, ಶನಿವಾರ, ಪರೀಕ್ಷೆಯ ಓಟ. ದೊಡ್ಡಪ್ಪ ಆ ಹೊತ್ತಿಗೆ ಒಳಗೆ ಹೋಗಿದ್ದರು. ಪಕ್ಕದ ಸೀಟಿನಲ್ಲಿ ನಾನು ಕೂತೆ.

ಅದನ್ನು ಹೇಗೆ ಬರೆಯಲಿ? ಕಾವಲಿನ ರಸ್ತೆಗೆ ಇಳಿದ ಮೇಲೆ ಹುಲ್ಲುಗಾವಲು ಎರಡೂ ಕಡೆಯಿಂದ ಹರಿದುಹೋಯಿತು. ಆ ಮಡಿಕೆಯ ರಸ್ತೆ ಬಂದಾಗ ನಾನು ಹಲ್ಲು ಕಚ್ಚಿ ಕೂತೆ. ಏನೂ ಆಗಲಿಲ್ಲ. ಕೆಳಗೆ ಚಕ್ರಗಳು ಎದ್ದು ಬೀಳುತ್ತಿರುವುದು ಪಾದಕ್ಕೆ ಗೊತ್ತಾಗುತ್ತಿತ್ತು, ಮೇಲೆ ಕಾರು ತುಂಬಿದ ಕೊಡ ಹೊತ್ತ ಹೆಂಗಸಿನಂತೆ ಸಾಗುತ್ತಿತ್ತು. ತಿರುವಿನಲ್ಲಿ ಕುರಿಮಂದೆ ಎದುರಾಯಿತು. ಮಹಾಂತೇಶ ಬ್ರೇಕು ತುಳಿದ. ನಾಲ್ಕೂ ಚಕ್ರಗಳು ನೆಲ ಕಚ್ಚಿ, ಕಾರು ಆಚೀಚೆ ಅಲುಗದೆ ಮೊದಲ ಕುರಿಗೆ ಹತ್ತು ಮಾರು ದೂರದಲ್ಲಿ ನಿಂತಿತು. ನನ್ನ ಕಣ್ಣು ತುಂಬಿತ್ತು. ಒಬ್ಬ ಮನುಷ್ಯನ ಬರಿಗಾಲು ಕಂಡುಕೊಂಡದ್ದನ್ನು ಒಂದು ಯಂತ್ರ ಅಷ್ಟು ವಿಧೇಯವಾಗಿ ಪಾಲಿಸುವುದನ್ನು ನಾನು ಕಂಡೆ. ಇಂಥದ್ದು ಎಲ್ಲರಿಗೂ ಸಿಗಬೇಕು. ಶೇಂಗಾ ಸುಲಿಯುವವರ ಆಟೋಗೂ ಇಂಥ ನಡೆ ಸಿಗಬೇಕು. ಮೊದಲು ಕೋಪದಿಂದ ಹೇಳುತ್ತಿದ್ದುದನ್ನು ಅಂದು ಬೆರಗಿನಿಂದ ಹೇಳಿಕೊಂಡೆ.

ವಾಪಸು ಬಂದಾಗ ದೊಡ್ಡಪ್ಪ ಶೆಡ್ಡಿನ ಮುಂದಿನ ಬೆಂಚಿನ ಮೇಲಿದ್ದರು. "ಹೆಂಗೈತಲೇ?" ಎಂದರು. ನಾನು ಹೇಳಿದೆ, ಹೇಳಿದೆ, ಕತ್ತಲಾಗುವವರೆಗೂ ಹೇಳಿದೆ. ಮಹಾಂತೇಶ ಅಷ್ಟರಲ್ಲಿ ಕಾರು ತೆಗೆದುಕೊಂಡು ಹೋಗಿದ್ದ. ಅವರು ಮರುದಿನ ಶೆಡ್ಡಿನ ಬೀಗದ ಕೈಯನ್ನು ನನ್ನ ಊಟದ ಡಬ್ಬಿಯ ಮೇಲಿಟ್ಟು ಮೊಳಕಾಲ್ಮುರಿನ ಬಸ್ಸು ಹತ್ತಿದರು.

ಹರ್ಷಿತಾಳಿಗೆ ಓದು ಚೆನ್ನಾಗಿ ಹತ್ತಲಿ, ಯಾರಿಗೂ ಹೆದರದೆ ಬೆಳೆಯಲಿ. ನಿನ್ನ ಕೈಗೆ, ಕಣ್ಣಿಗೆ ಆಯಾಸ ಬಾರದಿರಲಿ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ತಮ್ಮ,
ಲೋಹಿತ

ಮರೆತ ಮಾತು: ಮರೆತದ್ದಲ್ಲ ಅಕ್ಕ, ಬರೆಯಲು ಧೈರ್ಯವಾಗದೆ ಉಳಿಸಿಕೊಂಡದ್ದು. ಈ ಅನ್ಯಾಯದ ಬಗ್ಗೆ ಒಂದು ಕರಪತ್ರವನ್ನೇ ಬರೆದಿದ್ದೆ. ಅಚ್ಚಿಗೆ ಕೊಡುವ ಮೊದಲು ಮಹಾಂತೇಶನ ಮುಖದ ಮೇಲೆ ಎಸೆಯೋಣವೆಂದು ನಿನ್ನೆ ಮಿಲ್ಲಿಗೆ ಹೋದೆ. ಅವನು ನಿಂತಲ್ಲೇ ಪೂರ್ತಿ ಓದಿದ. "ಲೇ ಲೋಹಿತ, ನಾನು ಕರೆದಿದ್ದು ಪೆದ್ದಣ್ಣರನ್ನ. ಬರ್ರಿ ಕೂರ್ರಿ ಅಂದೆ. ಒಂದ್ ನಿಮಿಷ ಇರಪ್ಪಾ ಅಂತ ಒಳಗೋದ್ರು. ನೀನು ಬಾಗ್ಲು ತೆಗೆದು ಕೂತು, ನಡೀ ಅವರು ಬರಲ್ಲ ಅಂದೆ" ಎಂದ. ಅದು ನಿಜ. ನಾನು ಹಾಗೆಯೇ ಅಂದಿದ್ದೆ. ಆ ಸೀಟು ಅಷ್ಟು ಬೇಕಾಗಿತ್ತು ನನಗೆ. ಅವರು ಒಳಗೆ ಹೋದದ್ದು ಗ್ರೀಸು ತೊಳೆದುಕೊಳ್ಳಲು. ನಾವು ಮರಳಿದಾಗ ಬೆಂಚಿನ ಮೇಲೆ ನೀನು ಯುಗಾದಿಗೆ ಕೊಡಿಸಿದ ಬಿಳಿ ಅಂಗಿ ತೊಟ್ಟು ಕೂತಿದ್ದರು, ತಲೆ ಒದ್ದೆ ಮಾಡಿ ಬಾಚಿದ್ದರು. ನಾನು ಅದನ್ನು ನೋಡಿದೆ ಅಕ್ಕ. ನೋಡಿಯೂ ಕತ್ತಲಾಗುವವರೆಗೆ ಅವರೆದುರು ಆ ಓಟವನ್ನು ವರ್ಣಿಸಿದೆ.

ಕರಪತ್ರ ಹರಿದುಹಾಕಿದ್ದೇನೆ. ಈ ಕಾಗದವನ್ನು ಅವರಿಗೆ ಪೂರ್ತಿ ಓದಿ ಹೇಳು, ಇದನ್ನೂ ಬಿಡಬೇಡ. ಮಹಾಂತೇಶ ಕಾರು ತರಲು ಒಪ್ಪಿದ್ದಾನೆ. ನಾನು ಬಸ್ಸಿನಲ್ಲಿ ಬರುತ್ತೇನೆ. ಅವರು ಯಾವ ಅಂಗಿಯಲ್ಲಾದರೂ ಬರಲಿ, ಕೂರದೆ ನನ್ನನ್ನು ಬೈದು ಹೋಗುವುದಾದರೂ ಸರಿ, ಬರಲಿ. ಭಾನುವಾರ, ಹದಿನೇಳನೇ ತಾರೀಖು, ಬೆಳಿಗ್ಗೆ ಏಳು ಗಂಟೆಗೆ, ಮೊಳಕಾಲ್ಮುರು ಬಸ್ ಸ್ಟ್ಯಾಂಡಿನ ಮುಂದೆ.